ಮಾಡೆಲ್‌ಗೆ ಯಾವ ಗಮ್, ಆ ಗಮ್ ಎಲ್ಲಿಡಬೇಕು

ಮೈಸೂರಿನಲ್ಲಿ ಮಾಡೆಲ್ ಕಟ್ಟುವ ಹವ್ಯಾಸಿಗಳು, ಶಾಲೆ ಮೇಷ್ಟ್ರುಗಳು, ದಸರಾಕ್ಕೆ ಗೊಂಬೆ ಕೂರಿಸುವ ಮನೆಯವರು ಸೇರಿದ್ದ ಸಂಜೆಯೊಂದರಲ್ಲಿ ಆಡಿದ ಮಾತುಗಳ ಬರಹ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಅಂಗಡಿಗೆ ಹೋಗಿ "ಒಂದು ಒಳ್ಳೆ ಸ್ಟ್ರಾಂಗ್ ಗಮ್ ಕೊಡಿ" ಅಂತ ಕೇಳುತ್ತೇವೆ. ಏನು ಅಂಟಿಸಬೇಕು ಅಂತ ನಾವು ಹೇಳುವುದಿಲ್ಲ, ಅವರೂ ಕೇಳುವುದಿಲ್ಲ. ಮರಕ್ಕೆ ಮರ ಅಂಟಿಸಿ ಒಣಗಿದ ಮೇಲೆ ಮುರಿದು ನೋಡಿ, ಫೆವಿಕಾಲ್ ಹಾಕಿದ ಗೆರೆ ಹಾಗೇ ಇರುತ್ತದೆ, ಪಕ್ಕದ ಮರ ಸೀಳಿಕೊಂಡು ಬರುತ್ತದೆ. ಅಷ್ಟು ಗಟ್ಟಿ. ಅದೇ ಫೆವಿಕಾಲನ್ನು ಎರಡು ಅಕ್ರಿಲಿಕ್ ಹಾಳೆಗಳ ನಡುವೆ ಹಾಕಿಡಿ, ದಿನಗಟ್ಟಲೆ ಬಿಟ್ಟರೂ ಮಧ್ಯದಲ್ಲಿ ಹಸಿಯಾಗಿಯೇ ಇರುತ್ತದೆ, ಉಗುರು ತಾಗಿಸಿದರೆ ಬಿಟ್ಟುಕೊಳ್ಳುತ್ತದೆ. ಗಮ್ ಅದೇ, ಡಬ್ಬ ಅದೇ. ಹಾಗಾಗಿ ಸ್ಟ್ರಾಂಗ್ ಗಮ್ ಯಾವುದು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲ. ಈ ಗಮ್ ಹೇಗೆ ಗಟ್ಟಿಯಾಗುತ್ತದೆ ಅಂತ ಕೇಳಿ, ಅದಕ್ಕೆ ಉತ್ತರ ಇದೆ.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೂ ಇದೊಂದೇ. ಗಮ್ ಗಟ್ಟಿಯಾಗುವ ದಾರಿ ಗೊತ್ತಾದರೆ ಅದನ್ನು ಎಲ್ಲಿ ಬಳಸಬೇಕು ಅನ್ನುವುದು ಗೊತ್ತಾಗುತ್ತದೆ, ಎಲ್ಲಿ ಇಡಬೇಕು ಅನ್ನುವುದೂ ಗೊತ್ತಾಗುತ್ತದೆ. ಯಾಕೆಂದರೆ ಗಮ್ ಹಾಳಾಯ್ತು ಅಂದರೆ ಬಹುಪಾಲು ಅರ್ಥ ಒಂದೇ: ಮಾಡೆಲ್ ಮೇಲೆ ಆಗಬೇಕಾದ ಕೆಲಸ ಡಬ್ಬದ ಒಳಗೇ ಆಗಿಹೋಯಿತು.

ಫೆವಿಕಾಲ್‌ನಿಂದಲೇ ಶುರು ಮಾಡೋಣ, ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ. 1959ರಿಂದ ನಮ್ಮ ದೇಶದಲ್ಲಿ ಇರುವ ಗಮ್. ಈ ಬಿಳಿ ಗಮ್ ಅಂದರೆ ಪಾಲಿವಿನೈಲ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್‌ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುವುದು. ಮರ, ರಟ್ಟು, ಕಾಗದ ಆ ನೀರನ್ನು ಹೀರಿಕೊಳ್ಳುತ್ತವೆ. ನೀರು ಹೋದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಬೆಸೆದುಕೊಂಡು ಒಂದು ಪದರ ಆಗುತ್ತವೆ. ಅಂದರೆ ನೀರು ಹೋಗಲು ದಾರಿ ಇರಬೇಕು. ಅಕ್ರಿಲಿಕ್‌ನಲ್ಲಿ, ತಗಡಿನಲ್ಲಿ ದಾರಿ ಇಲ್ಲ, ಅದಕ್ಕೇ ಅಲ್ಲಿ ಹಿಡಿಯುವುದಿಲ್ಲ. ಒಂದು ಕಡೆಯಾದರೂ ನೀರು ಹೀರುವಂಥದ್ದು ಇದ್ದರೆ ಇದಕ್ಕಿಂತ ಒಳ್ಳೆಯದು, ಇದಕ್ಕಿಂತ ಅಗ್ಗದ್ದು ಬೇರೆ ಇಲ್ಲ ಅಂತಲೇ ನಾನು ಹೇಳುತ್ತೇನೆ. ತೆಳ್ಳಗೆ ಹಚ್ಚಿ, ಒತ್ತಿ ಹಿಡಿಯಬೇಕು. ಕ್ಲಾಂಪ್ ಇಲ್ಲದಿದ್ದರೆ ಬಟ್ಟೆ ಕ್ಲಿಪ್, ರಬ್ಬರ್ ಬ್ಯಾಂಡ್ ಏನಾದರೂ ಸರಿ, ಅರ್ಧ ಗಂಟೆ ಕದಲದ ಹಾಗೆ. ಪೂರ್ತಿ ಬಲ ಬರುವುದಕ್ಕೆ ಒಂದು ದಿನ ಬೇಕು. ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಬಿಡಿ.

ಇದರ ಶತ್ರು ಗಾಳಿ, ಅಂದರೆ ಒಣಗುವುದು. ಮುಚ್ಚಳ ಸಡಿಲ ಇದ್ದರೆ ಮೇಲೆ ಕೆನೆ ಕಟ್ಟುತ್ತದೆ. ಆ ಕೆನೆಯನ್ನು ಒಳಗೆ ಕಲಸಬೇಡಿ, ತೆಗೆದು ಬಿಸಾಡಿ. ಒಂದು ಸಲ ಬೆಸೆದುಕೊಂಡ ಕಣಗಳು ನೀರು ಹಾಕಿದ ಮಾತ್ರಕ್ಕೆ ಮೊದಲಿನ ಹಾಗೆ ಆಗುವುದಿಲ್ಲ, ಗಂಟು ಗಂಟಾಗಿ ಜಾಯಿಂಟ್ ಮಧ್ಯೆ ಕೂತು ಎರಡು ತುಂಡುಗಳನ್ನು ದೂರ ಇಡುತ್ತವೆ. ನೀರು ಬೆರೆಸಿ ತೆಳು ಮಾಡಿಕೊಳ್ಳುವುದಾದರೆ ಅವತ್ತಿಗೆ ಬೇಕಾದಷ್ಟೇ ಬೇರೆ ಬಟ್ಟಲಲ್ಲಿ ಮಾಡಿಕೊಳ್ಳಿ. ನೀರು ಬೆರೆಸಿಟ್ಟದ್ದು ಕೆಲವೇ ದಿನಕ್ಕೆ ವಾಸನೆ ಬರುತ್ತದೆ, ಬೂಸ್ಟು ಹಿಡಿಯುತ್ತದೆ. ತಗಡಿನ ಡಬ್ಬಕ್ಕೆ ಸುರಿದಿಡಬೇಡಿ, ತುಕ್ಕಿನ ಬಣ್ಣ ಇಳಿಯುತ್ತದೆ. ದೊಡ್ಡ ಡಬ್ಬ ತಂದರೆ ಸಣ್ಣ ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿಕೊಂಡು ಅದರಿಂದ ಬಳಸಿ, ದೊಡ್ಡದನ್ನು ಪದೇ ಪದೇ ತೆರೆಯಬೇಡಿ. ಫ್ರಿಡ್ಜ್ ಬೇಕಿಲ್ಲ. ಹೆಪ್ಪುಗಟ್ಟುವಷ್ಟು ತಣ್ಣಗಾದರೆ ಕಣಗಳು ಒಂದಕ್ಕೊಂದು ಅಂಟಿ, ಗಂಟುಕಟ್ಟಿ ಗಮ್ ಮೊಸರಾಗುತ್ತದೆ. ಮೈಸೂರಿನ ಹವೆಯಲ್ಲಿ ಮನೆಯ ಒಳಗೆ, ಬಿಸಿಲು ಬೀಳದ ಕಡೆ ಇಟ್ಟರೆ ಸಾಕು.

ಎರಡು ಕಡೆ ಮಾತ್ರ ಫೆವಿಕಾಲನ್ನು ನಂಬಬೇಡಿ. ನೀರು ತಾಗುವ ಕಡೆ ಮಾಮೂಲಿ ಬಿಳಿ ಗಮ್ ಮೆತ್ತಗಾಗುತ್ತದೆ, ಅದಕ್ಕೆ ನೀರು ತಡೆಯುವ ಬೇರೆ ತರಹದ್ದು ಸಿಗುತ್ತದೆ, ಹೆಸರು ಹೇಳಿ ಕೇಳಬೇಕು. ಎರಡನೆಯದು ಯಾವಾಗಲೂ ಭಾರ ಎಳೆಯುತ್ತಲೇ ಇರುವ ಜಾಯಿಂಟ್. ಬಿಗಿದ ತೂಗುಸೇತುವೆಯ ಮಾಡೆಲ್ ಇದೆಯಲ್ಲ, ಅಂಥದ್ದು. ತಿಂಗಳುಗಟ್ಟಲೆಯಲ್ಲಿ ಈ ಗಮ್ ಗೊತ್ತಾಗದ ಹಾಗೆ ಜರುಗುತ್ತದೆ.

ಈಗ ಫೆವಿಕ್ವಿಕ್ ಜಾತಿಯದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ಯಾಕೆಂದರೆ ಜನ ಅತಿ ಹೆಚ್ಚು ಬಳಸುವುದು ಇದನ್ನೇ, ಅತಿ ತಪ್ಪಾಗಿ ತಿಳಿದಿರುವುದೂ ಇದನ್ನೇ.

ರಾಸಾಯನಿಕದ ಹೆಸರು ಸಯನೋಅಕ್ರಿಲೇಟ್. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಅನ್ನುವವರು ಬಂದೂಕಿನ ಗುರಿ ನೋಡುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಈ ವಸ್ತು ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡು ಕಾಟ ಕೊಟ್ಟಿತು, ಬದಿಗಿಟ್ಟರು. 1951ರಲ್ಲಿ ಬೇರೆ ಕೆಲಸದಲ್ಲಿ ಅದೇ ವಸ್ತು ಮತ್ತೆ ಎದುರಾದಾಗ, ಕಾಟ ಕೊಡುವ ಗುಣವೇ ಇದರ ಉಪಯೋಗ ಅಂತ ಹೊಳೆಯಿತು. 1958ರಲ್ಲಿ ಮಾರಾಟಕ್ಕೆ ಬಂತು.

ಇದು ಒಣಗುವ ಗಮ್ ಅಲ್ಲವೇ ಅಲ್ಲ. ಇದನ್ನು ಗಟ್ಟಿ ಮಾಡುವುದು ನೀರು. ಎಲ್ಲ ವಸ್ತುಗಳ ಮೈಮೇಲೂ ಗಾಳಿಯ ತೇವದ ತೀರ ತೆಳ್ಳನೆಯ ಪದರ ಒಂದಿರುತ್ತದೆ, ನಮಗೆ ಕಾಣುವುದಿಲ್ಲ. ಗಮ್ ಅದಕ್ಕೆ ತಾಗಿದ ತಕ್ಷಣ ಅಣುಗಳು ಒಂದರ ಹಿಂದೆ ಒಂದು ಸರಪಳಿಯಾಗಿ ಜೋಡಿಸಿಕೊಳ್ಳುತ್ತಾ ಹೋಗುತ್ತವೆ. ಹಾಲಿಗೆ ಒಂದು ಚಮಚ ಹೆಪ್ಪು ಬಿದ್ದರೆ ಪಾತ್ರೆ ಪೂರ್ತಿ ಮೊಸರಾಗುವ ಹಾಗೆ, ಒಂದಿಷ್ಟು ತೇವ ಸಾಕು. ಕಂಪನಿಯವರು ಅದಕ್ಕೆ ಚೂರು ಆಮ್ಲ ಬೆರೆಸಿರುತ್ತಾರೆ, ಬಾಟಲಿಯಲ್ಲಿ ಈ ಸರಪಳಿ ಶುರುವಾಗದೆ ಇರಲಿ ಅಂತ.

ಇಷ್ಟು ಗೊತ್ತಾದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಜಾಸ್ತಿ ಹಾಕಿದರೆ ಯಾಕೆ ಹಿಡಿಯುವುದಿಲ್ಲ? ತೇವ ಇರುವುದು ಮೇಲ್ಮೈಯಲ್ಲಿ, ದಪ್ಪ ಹನಿಯ ಹೊಟ್ಟೆಯೊಳಗೆ ಅದು ತಲುಪುವುದಿಲ್ಲ. ಒಂದು ಸಣ್ಣ ಹನಿ ಹಾಕಿ ಎರಡು ತುಂಡು ಒತ್ತಿದರೆ ಕೆಲವೇ ಸೆಕೆಂಡಿಗೆ ಹಿಡಿಯುತ್ತದೆ, ನಾಲ್ಕು ಹನಿ ಹಾಕಿದರೆ ಬೆರಳು ಮಾತ್ರ ಅಂಟಿಕೊಂಡು ತುಂಡುಗಳು ಜಾರುತ್ತಾ ಇರುತ್ತವೆ. ಸಂದು ಇರುವ ಕಡೆ ತೆಳು ಗಮ್ ಕೆಲಸಕ್ಕೆ ಬಾರದು, ಅದಕ್ಕೆ ದಪ್ಪನೆಯದು, ಜೆಲ್ ತರಹದ್ದು ಸಿಗುತ್ತದೆ. ಇಲ್ಲವೆಂದರೆ ಸಂದಿಗೆ ಅಡುಗೆ ಸೋಡಾ ತುಂಬಿ ಮೇಲೆ ಒಂದು ಹನಿ ಬಿಡಿ. ಸೋಡಾ ಕ್ಷಾರ, ಬಾಟಲಿಯಲ್ಲಿದ್ದ ಆಮ್ಲದ ತಡೆಯನ್ನು ಒಂದೇ ಏಟಿಗೆ ತೆಗೆದುಹಾಕುತ್ತದೆ. ಚುರ್ ಅಂತ ಬಿಸಿಯಾಗಿ ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಆಮೇಲೆ ಎಮರಿ ಪೇಪರ್‌ನಲ್ಲಿ ಉಜ್ಜಿ ಸಮ ಮಾಡಬಹುದು. ಮುಖ ಹತ್ತಿರ ಇಟ್ಟುಕೊಂಡು ಮಾತ್ರ ಮಾಡಬೇಡಿ, ಹೊಗೆ ಬರುತ್ತದೆ.

ಈ ಹೊಗೆ ಇನ್ನೊಂದು ತೊಂದರೆ ಕೊಡುತ್ತದೆ. ರೈಲು ಬೋಗಿಯ ಕಿಟಕಿ, ವಿಮಾನದ ಗಾಜು ಇಂಥದ್ದಕ್ಕೆ ಕ್ವಿಕ್ ಹಾಕಿದರೆ ಸುತ್ತ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಗಮ್‌ನ ಆವಿ ಪಕ್ಕದ ಮೇಲ್ಮೈಯ ತೇವದ ಮೇಲೆ ಕೂತು ಅಲ್ಲೇ ಗಟ್ಟಿಯಾಗಿರುತ್ತದೆ. ಪೊಲೀಸರು ಬೆರಳಚ್ಚು ಎತ್ತುವುದಕ್ಕೆ ಇದೇ ಆವಿಯನ್ನು ಬಳಸುತ್ತಾರೆ. ನೀವು ಕಿಟಕಿ ಹಾಳೆಯನ್ನು ಬರಿಗೈಯಲ್ಲಿ ಮುಟ್ಟಿದ್ದರೆ ನಿಮ್ಮ ಹೆಬ್ಬೆಟ್ಟಿನ ಗೆರೆ ಸಮೇತ ಎದ್ದು ಬರುತ್ತದೆ. ಆಷಾಢ, ಶ್ರಾವಣದ ತೇವದ ಹವೆಯಲ್ಲಿ ಇದು ಇನ್ನೂ ಜಾಸ್ತಿ. ಪಾರದರ್ಶಕ ತುಂಡುಗಳಿಗೆ ಬಿಳಿ ಗಮ್ ಅಂಚಿಗೆ ತೆಳ್ಳಗೆ ಹಚ್ಚಿ ಕೂರಿಸಿ. ಅಂಚಿನ ಸಣ್ಣ ಗೆರೆಯಾದ್ದರಿಂದ ನೀರು ಹೋಗಲು ಜಾಗ ಇರುತ್ತದೆ, ನಿಧಾನಕ್ಕೆ ಸ್ವಚ್ಛವಾಗಿ ಒಣಗುತ್ತದೆ. ಕಿಟಕಿ ಏನು ಭಾರ ಹೊರಬೇಕಿಲ್ಲವಲ್ಲ.

ಇಡುವ ವಿಷಯಕ್ಕೆ ಬನ್ನಿ. ತೇವವೇ ಗಟ್ಟಿ ಮಾಡುವುದಾದರೆ ತೇವದಿಂದಲೇ ಕಾಪಾಡಬೇಕು. ತೆರೆಯದ ಬಾಟಲಿಯನ್ನು ಫ್ರಿಡ್ಜ್‌ನಲ್ಲಿ ಇಡಿ, ತಣ್ಣಗಿದ್ದರೆ ಅದರೊಳಗಿನ ಕ್ರಿಯೆ ನಿಧಾನ ಆಗುತ್ತದೆ. ತೆರೆದ ಮೇಲೆ ಮಾತ್ರ ಎಚ್ಚರ ಬೇಕು. ಫ್ರಿಡ್ಜ್‌ನಿಂದ ತೆಗೆದ ನೀರಿನ ಬಾಟಲಿಯ ಮೈ ಬೆವರುವುದನ್ನು ನೋಡಿರುತ್ತೀರಿ. ತಣ್ಣಗಿರುವ ಗಮ್ ಬಾಟಲಿಯ ಮುಚ್ಚಳ ತಕ್ಷಣ ತೆಗೆದರೆ ಬಾಯಿಯ ಹತ್ತಿರ, ಒಳಗೆ, ಅದೇ ಬೆವರು ಕೂರುತ್ತದೆ. ಗಮ್‌ಗೆ ಅದೇ ಸಾಕು. ಹೊರಗೆ ತೆಗೆದು, ಮುಚ್ಚಳ ಬಿಗಿಯಾಗಿಯೇ ಇಟ್ಟು, ಮುಟ್ಟಿದರೆ ತಣ್ಣಗೆ ಅನ್ನಿಸದ ತನಕ ಬಿಡಿ. ಆಮೇಲೆ ತೆಗೆಯಿರಿ. ದಿನಾ ಬಳಸುವವರಾದರೆ ತೆರೆದ ಬಾಟಲಿಯನ್ನು ಫ್ರಿಡ್ಜ್‌ಗೆ ಹಾಕುವ, ತೆಗೆಯುವ ಸರ್ಕಸ್ಸೇ ಬೇಡ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದೊಳಗೆ ನಿಲ್ಲಿಸಿ, ಜೊತೆಗೆ ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ, ನೆರಳಲ್ಲಿಡಿ. ಬಣ್ಣ ಬದಲಿಸುವ ಜೆಲ್ ಸಿಕ್ಕಿದರೆ ಒಳ್ಳೆಯದು, ಕಿತ್ತಳೆ ಇದ್ದದ್ದು ಹಸಿರಾಯ್ತು ಅಂದರೆ ತೇವ ಕುಡಿದಿದೆ ಅಂತ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆ ಪಾತ್ರೆಯಲ್ಲಿ ಹಾಕಿ ಬಿಸಿ ಮಾಡಲು ಹೋಗಬೇಡಿ.

ಬಾಟಲಿಯ ಮೂತಿಯನ್ನು ಗಮನಿಸಿ. ಬಳಸಿದ ಮೇಲೆ ಬಾಟಲಿಯನ್ನು ನೆಟ್ಟಗೆ ಹಿಡಿದು ತಳವನ್ನು ಮೇಜಿಗೆ ಎರಡು ಸಲ ಮೆಲ್ಲಗೆ ಕುಟ್ಟಿ. ಮೂತಿಯಲ್ಲಿ ನಿಂತ ಹನಿ ಒಳಗೆ ಇಳಿಯುತ್ತದೆ. ಆಮೇಲೆ ಮೂತಿ ಒರೆಸಿ ಮುಚ್ಚಿ. ಮುಚ್ಚಳ ಕಚ್ಚಿಕೊಳ್ಳುವುದು, ಪಿನ್ನು ಚುಚ್ಚಿ ತೂತು ಮಾಡುವುದು, ಆ ತೂತಿನಿಂದ ಮತ್ತೆ ಗಾಳಿ ಹೋಗುವುದು, ಇದೆಲ್ಲ ಆ ಒಂದು ಹನಿ ಅಲ್ಲಿ ಉಳಿಯುವುದರಿಂದ. ಸೋಡಾ ಹಾಕಿದ ಜಾಗಕ್ಕೆ ಬಾಟಲಿಯ ಮೂತಿಯನ್ನು ನೇರ ತಾಗಿಸಲೇಬೇಡಿ, ಒಂದು ಕಣ ಒಳಗೆ ಹೋದರೂ ಬಾಟಲಿ ಪೂರ್ತಿ ಹೋಯ್ತು. ಗಾಜಿನ ಸೀಸೆಗೆ ಬಗ್ಗಿಸಿಡುವುದೂ ಬೇಡ, ಗಾಜಿನ ಮೈ ಕ್ಷಾರದ್ದು.

ಹನಿಯನ್ನು ಎಲ್ಲಿ ಹಾಕಿಕೊಂಡು ಬಳಸುವುದು ಅಂತ ಕೇಳಿದರೆ, ನಂದಿನಿ ಹಾಲಿನ ಪ್ಯಾಕೆಟ್. ತೊಳೆದು, ಒಣಗಿಸಿ, ಕತ್ತರಿಸಿ ಒಳಮೈ ಮೇಲೆ ಬರುವ ಹಾಗೆ ಮೇಜಿಗೆ ಟೇಪ್ ಹಾಕಿ ಅಂಟಿಸಿ. ಅದು ಪಾಲಿಥೀನ್, ಅದಕ್ಕೆ ಯಾವ ಗಮ್ಮೂ ಸರಿಯಾಗಿ ಹಿಡಿಯುವುದಿಲ್ಲ. ಒಂದು ಹನಿ ಬಿಟ್ಟರೆ ಮಣಿಯ ಹಾಗೆ ಹಾಗೇ ಕೂತಿರುತ್ತದೆ, ಬೇಗ ಗಟ್ಟಿಯಾಗುವುದಿಲ್ಲ. ಸೂಜಿ ತುದಿಯಲ್ಲಿ, ಬೆಂಕಿಕಡ್ಡಿ ತುದಿಯಲ್ಲಿ ಅದರಿಂದ ಎತ್ತಿಕೊಂಡು ಜಾಯಿಂಟ್‌ಗೆ ಇಡಿ. ಬಾಟಲಿಯಿಂದ ನೇರ ಹಾಕುವುದಕ್ಕಿಂತ ಹತ್ತು ಪಟ್ಟು ಚೊಕ್ಕ ಕೆಲಸ. ಗಮ್ ಬಾಟಲಿಗಳನ್ನು ಪಾಲಿಥೀನ್‌ನಲ್ಲೇ ಮಾಡುವುದೂ ಇದೇ ಕಾರಣಕ್ಕೆ.

ಅಪರೂಪಕ್ಕೆ ಬಳಸುವವರು ದೊಡ್ಡ ಬಾಟಲಿ ಕೊಳ್ಳಲೇಬೇಡಿ. ಪುಟ್ಟ ಟ್ಯೂಬ್ ತನ್ನಿ, ತೆರೆದ ದಿನ ಅಂಟಿಸುವುದನ್ನೆಲ್ಲ ಅಂಟಿಸಿ ಮುಗಿಸಿ. ಗ್ರಾಂ ಲೆಕ್ಕದಲ್ಲಿ ದುಬಾರಿ ಅನ್ನಿಸುತ್ತದೆ, ಅರ್ಧ ಬಾಟಲಿ ಕಲ್ಲಾಗಿ ಬಿಸಾಡುವುದಕ್ಕಿಂತ ಅಗ್ಗ. ಅಂಗಡಿಯಲ್ಲಿ ತಯಾರಾದ ತಿಂಗಳು ನೋಡಿ. ಬಿಸಿಲು ಹೊಡೆಯುವ ಗಾಜಿನ ಶೋಕೇಸಿನಲ್ಲಿ ನೇತು ಹಾಕಿದ್ದು ಬೇಡ ಅನ್ನಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ದಯವಿಟ್ಟು ಮನೆಗೆ ಹೋಗಿ ಇವತ್ತೇ ನೋಡಿ. ಫ್ರಿಡ್ಜ್ ಬಾಗಿಲಲ್ಲಿ ಅಜ್ಜಿಯ, ತಾತನ ಕಣ್ಣಿನ ಡ್ರಾಪ್ಸ್ ಇರುತ್ತದೆ. ಗಮ್ ಬಾಟಲಿಯೂ ಅದೇ ಅಳತೆ, ಅದೇ ಮೂತಿ. ಗಮ್ಮನ್ನು ಡ್ರಾಪ್ಸ್ ಅಂದುಕೊಂಡು ಕಣ್ಣಿಗೆ ಹಾಕಿಕೊಂಡ ಘಟನೆಗಳು ಪ್ರಪಂಚದ ಎಷ್ಟೋ ಕಡೆ ನಡೆದಿವೆ. ಗಮ್ ಬಾಟಲಿಯನ್ನು ಬೇರೆ ಡಬ್ಬದೊಳಗೆ ಹಾಕಿ, ಮೇಲೆ ಕೆಂಪಕ್ಷರದಲ್ಲಿ ಬರೆದು, ಔಷಧಿ ಇರುವ ಕಡೆಯಿಂದ ದೂರ ಇಡಿ. ಕಣ್ಣಿಗೆ ಬಿತ್ತು ಅಂದರೆ ರೆಪ್ಪೆ ಎಳೆದು ಬಿಡಿಸಲು ಹೋಗಬೇಡಿ, ಬೆಚ್ಚಗಿನ ನೀರು ಹಾಕುತ್ತಾ ತಕ್ಷಣ ಆಸ್ಪತ್ರೆಗೆ ಹೋಗಿ. ಬೆರಳು ಅಂಟಿಕೊಂಡರೆ ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ, ಮೆಲ್ಲಗೆ ಹೊರಳಿಸಿ ಬಿಡಿಸಿ. ಹತ್ತಿ ಬಟ್ಟೆ, ಉಣ್ಣೆ ಮೇಲೆ ಚೆಲ್ಲಿದರೆ ಸುಡುವಷ್ಟು ಬಿಸಿಯಾಗುತ್ತದೆ, ಹತ್ತಿ ಗ್ಲೌಸ್ ಹಾಕಿಕೊಂಡು ಈ ಕೆಲಸ ಮಾಡಬಾರದು. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ.

ಎಪಾಕ್ಸಿ, ಅಂದರೆ ಅರಾಲ್ಡೈಟ್ ತರಹದ ಎರಡು ಟ್ಯೂಬಿನದು. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡ್‌ನರ್. ಇಲ್ಲಿ ನೀರಿಗೂ ಕೆಲಸ ಇಲ್ಲ, ಗಾಳಿಗೂ ಇಲ್ಲ, ಎರಡೂ ಒಂದಕ್ಕೊಂದು ಸೇರಿದರೆ ಮಾತ್ರ ಗಟ್ಟಿ. ಹಾಗಾಗಿ ಬೇರೆ ಬೇರೆ ಇದ್ದಷ್ಟು ದಿನ ಬಹಳ ಕಾಲ ಬಾಳುತ್ತವೆ. ಇವಕ್ಕಿರುವ ದೊಡ್ಡ ಅಪಾಯ ಮುಚ್ಚಳ ಅದಲುಬದಲಾಗುವುದು, ಆಗ ಟ್ಯೂಬಿನ ಬಾಯಿ ಸೀಲ್ ಆಗಿ ಹೋಗುತ್ತದೆ. ಒಂದು ಟ್ಯೂಬಿಗೆ, ಅದರ ಮುಚ್ಚಳಕ್ಕೆ ಒಂದೇ ಬಣ್ಣದ ನೈಲ್ ಪಾಲಿಶ್ ಬೊಟ್ಟು ಇಟ್ಟುಬಿಡಿ. ಚಳಿಗಾಲದಲ್ಲಿ ರೆಸಿನ್ ಸಕ್ಕರೆ ಕಟ್ಟಿದಂತೆ ಹರಳಾಗುವುದುಂಟು, ಟ್ಯೂಬನ್ನು ಬಿಸಿನೀರಿನ ಲೋಟದಲ್ಲಿ ಇಟ್ಟರೆ ಕರಗಿ ಸರಿಯಾಗುತ್ತದೆ. ಹಾರ್ಡ್‌ನರ್ ಹಳದಿಯಾಗಿದ್ದರೂ ಹೆದರಬೇಡಿ.

ಡಬ್ಬದ ಮೇಲೆ ಎಷ್ಟಕ್ಕೆ ಎಷ್ಟು ಅಂತ ಬರೆದಿದೆಯೋ ಅಷ್ಟೇ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಆಗುವುದಿಲ್ಲ, ಜೊತೆ ಸಿಗದ ಹಾರ್ಡ್‌ನರ್ ಒಳಗೇ ಉಳಿದು ಜಾಯಿಂಟ್ ರಬ್ಬರಿನ ಹಾಗೆ ಆಗುತ್ತದೆ. ಬೇಗ ಬೇಕಾದರೆ ಬಿಸಿ ಕೊಡಿ, ಹತ್ತು ಡಿಗ್ರಿ ಹೆಚ್ಚಾದರೆ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಮೈಸೂರಿನ ಏಪ್ರಿಲ್ ಮಧ್ಯಾಹ್ನ ಐದು ನಿಮಿಷದ ಎಪಾಕ್ಸಿ ನಿಮಗೆ ಐದು ನಿಮಿಷ ಕೊಡುವುದಿಲ್ಲ. ಕಲಸಿದ್ದನ್ನು ಬಟ್ಟಲಲ್ಲಿ ಉಂಡೆಯಾಗಿ ಬಿಡಬೇಡಿ, ತನ್ನ ಬಿಸಿಗೆ ತಾನೇ ಬೇಗ ಕಟ್ಟುತ್ತದೆ, ಹಾಲಿನ ಪ್ಯಾಕೆಟ್ ಮೇಲೆ ತೆಳ್ಳಗೆ ಹರಡಿಡಿ. ಸಮಯ ಇದ್ದರೆ ನಿಧಾನದ್ದನ್ನೇ ಬಳಸಿ, ಐದು ನಿಮಿಷದ್ದಕ್ಕಿಂತ ಅದು ಗಟ್ಟಿ. ಮತ್ತೆ ಮತ್ತೆ ಬರಿಗೈಗೆ ತಾಗುತ್ತಿದ್ದರೆ ಕೆಲವರಿಗೆ ಅಲರ್ಜಿ ಶುರುವಾಗುತ್ತದೆ, ಒಂದು ಸಲ ಬಂದರೆ ಜೀವಮಾನಪೂರ್ತಿ ಬಿಡುವುದಿಲ್ಲ, ಆದ್ದರಿಂದ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ತಗಡು, ಕಲ್ಲು, ಪಿಂಗಾಣಿ, ಸಂದು ಇರುವ ಜಾಯಿಂಟ್, ಭಾರ ಹೊರುವ ಜಾಯಿಂಟ್, ಇವೆಲ್ಲ ಎಪಾಕ್ಸಿಯ ಸೀಮೆ.

ಕರಗಿಸಿ ಅಂಟಿಸುವುದು ಇನ್ನೊಂದು ಜಾತಿ. ವಿಮಾನ, ಟ್ಯಾಂಕ್ ಕಿಟ್‌ಗಳ ಪಾಲಿಸ್ಟೈರೀನ್‌ಗೆ ಬರುವ ಪ್ಲಾಸ್ಟಿಕ್ ಸಿಮೆಂಟ್, ಅಕ್ರಿಲಿಕ್ ಬೋರ್ಡ್ ಮಾಡುವವರು ಸಿರಿಂಜಿನಲ್ಲಿ ಬಿಡುವ ದ್ರವ, ಪೈಪಿಗೆ ಹಚ್ಚುವ ಪಿವಿಸಿ ಸಲ್ಯೂಷನ್, ಎಲ್ಲ ಇದೇ. ಇವು ಎರಡು ಮೈಯನ್ನೂ ಕರಗಿಸಿ ಒಂದಾಗಿಸಿ ತಾವು ಆವಿಯಾಗಿ ಹೋಗುತ್ತವೆ. ಒಂದೇ ಪ್ಲಾಸ್ಟಿಕ್‌ಗೆ ಒಂದೇ ಪ್ಲಾಸ್ಟಿಕ್ ಆದರೆ ಇದರ ಮುಂದೆ ಯಾವುದೂ ಇಲ್ಲ. ಕಿಟಕಿ ತೆರೆದಿಟ್ಟು ಮಾಡಬೇಕಾದ ಕೆಲಸ. ಇಡುವಾಗ ನೆನಪಿಡಿ, ಇದು ಬೇಗ ಬೆಂಕಿ ಹಿಡಿಯುವಂಥದ್ದು. ಕ್ವಿಕ್‌ಗೆ ಫ್ರಿಡ್ಜ್ ಅಂದೆ, ಇದನ್ನು ಫ್ರಿಡ್ಜ್‌ಗೆ ಇಡಲೇಬಾರದು, ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ತುಂಬಿಕೊಳ್ಳುತ್ತದೆ, ಮನೆಯ ಫ್ರಿಡ್ಜ್‌ನ ಸ್ವಿಚ್ಚು ಕಿಡಿ ಹಾರಿಸುತ್ತದೆ. ಗೊಂಬೆ ಕೂರಿಸಿದ ಕೋಣೆಯಲ್ಲಿ ದೀಪ, ಊದುಬತ್ತಿ ಉರಿಯುತ್ತಿರುವಾಗ ಬಿದ್ದ ಗೋಪುರ ಅಂಟಿಸಲು ಈ ಬಾಟಲಿ ತೆರೆಯಬೇಡಿ.

ಥರ್ಮೋಕೋಲ್ ಕೂಡ ಪಾಲಿಸ್ಟೈರೀನೇ, ನೊರೆ ಮಾಡಿದ್ದು. ಈ ದ್ರವಗಳು, ಫೆವಿಬಾಂಡ್ ತರಹದ ರಬ್ಬರ್ ಗಮ್, ಕ್ವಿಕ್, ಎಲ್ಲ ಅದನ್ನು ತಿಂದುಹಾಕುತ್ತವೆ. ಅದಕ್ಕೆ ಫೆವಿಕಾಲ್, ಇಲ್ಲವೆಂದರೆ ಎಪಾಕ್ಸಿ. ಗ್ಲೂ ಗನ್ ಬಳಸುವುದಾದರೆ ಕಡಿಮೆ ಬಿಸಿಯದು. ಗ್ಲೂ ಗನ್ ಜಾಯಿಂಟ್ ಮಾಡಿದ ಮಾಡೆಲನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಬೇಡಿ, ಬಿಸಿಯಲ್ಲಿ ಕರಗಿ ಹಾಕಿದ್ದು ಬಿಸಿಯಲ್ಲೇ ಸಡಿಲ ಆಗುತ್ತದೆ.

ಯಾವ ಗಮ್ ಆದರೂ ಧೂಳು, ಕೈ ಜಿಡ್ಡು, ಬಣ್ಣದ ಪದರ ಇದ್ದರೆ ಅದಕ್ಕೆ ಅಂಟುತ್ತದೆ, ಒಳಗಿನ ವಸ್ತುವಿಗೆ ಅಲ್ಲ. ಜಾಯಿಂಟ್ ಬರುವ ಕಡೆ ಬಣ್ಣ ಕೆರೆಯಿರಿ. ಬೀಟೆ, ತೇಗದಂಥ ಎಣ್ಣೆ ಇರುವ ಮರ ಆದರೆ ಅಸಿಟೋನ್ ಹಾಕಿ ಒರೆಸಿ ತಕ್ಷಣ ಅಂಟಿಸಿ. ಗಮ್‌ಗಳು ಜಾರುವ ಒತ್ತಡ ತಡೆಯುತ್ತವೆ, ಅಂಚಿನಿಂದ ಸುಲಿಯುವ ಒತ್ತಡಕ್ಕೆ ಸೋಲುತ್ತವೆ, ಅದರಲ್ಲೂ ಕ್ವಿಕ್ ಬಹಳ ಪೆಡಸು. ಆದ್ದರಿಂದ ಸಾಧ್ಯ ಇದ್ದ ಕಡೆಯೆಲ್ಲ ಒಳಗೆ ಒಂದು ಹಿತ್ತಾಳೆ ತಂತಿ, ಟೂತ್‌ಪಿಕ್ ತುಂಡು ಕೊಡಿ. ಗಮ್‌ನ ಕೆಲಸ ಅರ್ಧ ಹಗುರಾಗುತ್ತದೆ.

ಹವೆ ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಮಸ್ಕಿಟೋ ಅನ್ನುವ ವಿಮಾನ ಇತ್ತು, ಮರದ್ದು, ಗಮ್‌ನಲ್ಲಿ ಅಂಟಿಸಿದ್ದು. ಮೊದಲು ಬಳಸಿದ್ದು ಹಾಲಿನಿಂದ ತೆಗೆದ ಕೇಸಿನ್ ಅಂಟು. ನಮ್ಮ ಕಡೆಯಂಥ ಬಿಸಿ, ತೇವದ ಸೀಮೆಗಳಲ್ಲಿ ಆ ಅಂಟಿಗೆ ಬೂಸ್ಟು ಬಿತ್ತು. ಆಮೇಲೆ ಫಾರ್ಮಾಲ್ಡಿಹೈಡ್ ಬಳಸಿ ತಯಾರಿಸಿದ, ಬೂಸ್ಟು ತಿನ್ನದ ಅಂಟಿಗೆ ಬದಲಾಯಿಸಿದರು. ಅಲ್ಲಿನ ಹವೆಯಲ್ಲಿ ಚೆನ್ನಾಗಿದ್ದದ್ದು ಇಲ್ಲಿನ ಹವೆಯಲ್ಲಿ ಹಾಗೇ ಇರಬೇಕಿಲ್ಲ. ವಿದೇಶದವರು ಹೇಳಿದ ಒಣಗುವ ಸಮಯ, ಇಡುವ ಕ್ರಮ ಓದುವಾಗ ಇದು ತಲೆಯಲ್ಲಿರಲಿ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದರು: "ನಮ್ಮತ್ತೆ ಕಾಲದ ಪಟ್ಟದ ಗೊಂಬೆ ಇದೆ, ರಾಣಿಯ ಕೈ ಬಿಟ್ಟುಕೊಂಡಿದೆ. ಅರಾಲ್ಡೈಟ್ ಹಾಕಿಬಿಡಲೇ?"

ದಯವಿಟ್ಟು ಬೇಡ ಅಮ್ಮ. ಹಳೆಯ ಮರದ ಗೊಂಬೆಗೆ ಎಪಾಕ್ಸಿ ಹಾಕಿದರೆ ಅದು ಶಾಶ್ವತ, ಮುಂದೆ ಯಾರಾದರೂ ಬಲ್ಲವರು ಸರಿ ಮಾಡುತ್ತೇನೆ ಅಂದರೂ ಮರ ಒಡೆಯದೆ ಬಿಡಿಸಲಾಗದು. ಹಳೆಯ ವಸ್ತುಗಳಿಗೆ ಬಿಡಿಸಲು ಬರುವ ಅಂಟನ್ನೇ ಹಾಕಬೇಕು ಅನ್ನುವುದು ಮ್ಯೂಸಿಯಂಗಳಲ್ಲಿ ನಡೆದುಕೊಂಡು ಬಂದ ಕ್ರಮ. ಹಿಂದಿನ ಬಡಗಿಗಳು ಬಳಸುತ್ತಿದ್ದ ಸರೇಸು ಅಂಥದ್ದು, ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು, ಬಿಸಿ ಮತ್ತು ತೇವ ಕೊಟ್ಟರೆ ಮತ್ತೆ ಸಡಿಲವಾಗುತ್ತದೆ. ನಿಮ್ಮ ಗೊಂಬೆಯ ಹಳೇ ಜಾಯಿಂಟ್ ಕೂಡ ಅದರದ್ದೇ ಇರಬಹುದು. ಮುರಿದಿಲ್ಲ, ಬಿಟ್ಟುಕೊಂಡಿದೆ ಅಷ್ಟೇ ಅಂದರೆ ಆ ಕೈಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಗೊಂಬೆಯ ಜೊತೆಯೇ ಇಟ್ಟು, ಹಳೇ ಮರದ ಕೆಲಸ ಬಲ್ಲವರಿಗೆ ತೋರಿಸಿ. ಈ ಸಲದ ದಸರಾಕ್ಕೆ ರಾಣಿಗೆ ಸೆರಗು ಹೊದಿಸಿ ಕೂರಿಸಿ, ತೊಂದರೆ ಇಲ್ಲ. ಹೊಸದಾಗಿ ತಂದ ಮಣ್ಣಿನ ಗೊಂಬೆ, ಕಾಗದದ ತಿರುಳಿನ ಗೊಂಬೆ ಆದರೆ ಧಾರಾಳವಾಗಿ ಫೆವಿಕಾಲ್ ಹಚ್ಚಿ ಒತ್ತಿ ಹಿಡಿಯಿರಿ. ಮಣ್ಣು ತೆಳು ಕ್ವಿಕ್ಕನ್ನು ಹೀರಿಬಿಡುತ್ತದೆ, ಅದು ದಂಡ.

ಒಬ್ಬ ಹುಡುಗ: "ಕಲಸಿ ಉಳಿದ ಎಪಾಕ್ಸಿ ಸಿಂಕಿಗೆ ಹಾಕಬಹುದಾ?" ಬೇಡಪ್ಪ. ಗಟ್ಟಿಯಾಗಲು ಬಿಡು, ಆಮೇಲೆ ಕಸಕ್ಕೆ ಹಾಕು.

ಮಂಡ್ಯದಿಂದ ಬಂದಿದ್ದ ಒಬ್ಬ ಮೇಷ್ಟ್ರು ಕೇಳಿದ್ದು ನನಗೆ ಬಹಳ ಹಿಡಿಸಿತು: "ಸಾರ್, ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆ ಕೆಆರ್‌ಎಸ್ ಮಾಡೆಲ್ ಮಾಡ್ತಾರೆ, ನಿಜವಾದ ನೀರು ನಿಲ್ಲಿಸಬೇಕು ಅಂತಾರೆ. ಥರ್ಮೋಕೋಲ್‌ಗೆ ಫೆವಿಕಾಲ್ ಹಾಕಿದ್ರೆ ಮಧ್ಯಾಹ್ನದೊಳಗೆ ಸೋರುತ್ತೆ. ಏನು ಮಾಡೋದು?"

ಕೆಆರ್‌ಎಸ್ ಕಟ್ಟಲು ಶುರು ಮಾಡಿದ್ದು 1911ರಲ್ಲಿ, ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ, ಅಂದರೆ ಸುಣ್ಣ ಮತ್ತು ಸುಟ್ಟ ಇಟ್ಟಿಗೆ ಪುಡಿ. ನೀರಿನೊಳಗೂ ಗಟ್ಟಿಯಾಗುವ ಗಾರೆ ಅದು. ಮಕ್ಕಳಿಗೆ ಇದನ್ನೂ ಹೇಳಿ, ಯಾವ ಅಂಟು ಹೇಗೆ ಗಟ್ಟಿಯಾಗುತ್ತದೆ ಅನ್ನುವ ಪಾಠ ಅವರ ಕಣ್ಣೆದುರಿಗೇ ಇದೆ.

ಮಾಡೆಲ್‌ಗೆ ಸನ್‌ಬೋರ್ಡ್ ಅನ್ನುವ ಹಗುರ ಪ್ಲಾಸ್ಟಿಕ್ ಹಲಗೆ ಇಲ್ಲವೇ ಅಕ್ರಿಲಿಕ್ ಹಾಳೆ ತೆಗೆದುಕೊಳ್ಳಿ, ಒಳಗಿನ ಮೂಲೆಗಳಿಗೆ ಸಿಲಿಕಾನ್ ಸೀಲೆಂಟ್ ಹಾಕಿ, ಮೀನಿನ ತೊಟ್ಟಿಗೆ ಹಾಕುತ್ತಾರಲ್ಲ ಅದು. ವಿನೆಗರ್ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ. ಇದೂ ಗಾಳಿಯ ತೇವದಿಂದಲೇ ಗಟ್ಟಿಯಾಗುವುದು, ಹೊರಗಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರ್ ಲೆಕ್ಕದಲ್ಲಿ. ಮೇಲೆ ಮುಟ್ಟಿದರೆ ಅರ್ಧ ಗಂಟೆಗೇ ಒಣಗಿದ ಹಾಗೆ ಇರುತ್ತದೆ, ಒಳಗೆ ಹಸಿ. ಪ್ರದರ್ಶನದ ಹಿಂದಿನ ರಾತ್ರಿ ಹಚ್ಚಿ ಬೆಳಗ್ಗೆ ನೀರು ತುಂಬಿದರೆ ಸೋರದೆ ಏನಾಗುತ್ತದೆ? ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಬಣ್ಣದ ಮೇಲೆ ಹಚ್ಚಿದರೆ ಬಣ್ಣದ ಸಮೇತ ಕಿತ್ತು ಬರುತ್ತದೆ. ಹಾಗಾಗಿ ಮೂಲೆಗಳಿಗೆ ಟೇಪ್ ಹಾಕಿ ಉಳಿದ ಕಡೆ ಬಣ್ಣ ಬಳಿಸಿ, ಒಣಗಿದ ಮೇಲೆ ಟೇಪ್ ಕಿತ್ತು ಬರಿ ಮೈಗೆ ಬಣ್ಣವಿಲ್ಲದ ಸಿಲಿಕಾನ್ ಹಾಕಿ, ಒದ್ದೆ ಬೆರಳಲ್ಲಿ ನೀವಿ ಬಿಡಿ. ಟ್ಯೂಬ್ ಉಳಿದರೆ ಮೂತಿಯಲ್ಲಿ ಒಂದಿಂಚು ಹೊರಗೆ ಬಿಟ್ಟು ಹಾಗೇ ಇಡಿ, ಅದು ಗಟ್ಟಿಯಾಗಿ ಬಿರಡೆ ಆಗುತ್ತದೆ, ಮುಂದಿನ ಸಲ ಎಳೆದು ತೆಗೆಯಬಹುದು. ಮೂರು ದಿನ ಕಳೆದ ಮೇಲೆ ಕೆಳಗೆ ಹಳೇ ನ್ಯೂಸ್ ಪೇಪರ್ ಹಾಸಿ, ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಪೇಪರ್ ಎಲ್ಲಿ ಒದ್ದೆಯಾಗಿದೆಯೋ ಅದರ ಮೇಲಿನ ಮೂಲೆಯನ್ನು ಪೂರ್ತಿ ಕೆತ್ತಿ ತೆಗೆದು ಹೊಸದಾಗಿ ಹಾಕಿ, ಹಳೆಯದರ ಮೇಲೆ ತೇಪೆ ಹಚ್ಚಬೇಡಿ, ಹಳೇ ಸಿಲಿಕಾನ್‌ಗೆ ಹೊಸ ಸಿಲಿಕಾನ್ ಸರಿಯಾಗಿ ಕಚ್ಚುವುದಿಲ್ಲ.